ಮೊದಲ ಸುತ್ತಿನಲ್ಲಿ ಭಾವಮೈದುನ

ಆರಿಸುವ ಕೆಲಸ ನನಗೆ ಆಗಿಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸಲೀಸು. ಲೋಕದಲ್ಲಿ ಕೆಲವರಿರುತ್ತಾರೆ, ಕಲ್ಲಂಗಡಿ ರಾಶಿಯ ಮುಂದೆ ನಿಂತು ಬೆರಳಿನಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿ, ಇದೇ ಇರಲಿ ಅನ್ನುತ್ತಾರೆ. ಮನೆಗೆ ತಂದು ಕೊಯ್ದರೆ ಒಳಗೆ ಕೆಂಪು ಅಂದರೆ ಕೆಂಪು. ನಾನೂ ತಟ್ಟುತ್ತೇನೆ. ನನ್ನ ಕಿವಿಗೆ ಎಲ್ಲ ಹಣ್ಣೂ ಒಂದೇ ಸದ್ದು ಮಾಡುತ್ತವೆ. ಕೊನೆಗೆ ಅಂಗಡಿಯವನಿಗೇ 'ತುಮ್ಹೀಚ್ ದ್ಯಾ', ನೀವೇ ಕೊಡಿ, ಎಂದು ಮರಾಠಿಯಲ್ಲಿ ಶರಣಾಗುತ್ತೇನೆ, ಅವನು ಮೂರು ದಿನದಿಂದ ಯಾರಿಗೂ ಬೇಡವಾಗಿ ಕೂತ ಹಣ್ಣನ್ನು ನನಗೆ ದಾಟಿಸುತ್ತಾನೆ. ಹಾಗೆ ನೋಡಿದರೆ ಪುಣೆ ಪಕ್ಕದ ಚಾಕಣದ ಕಾರ್ಖಾನೆಯಲ್ಲಿ ನನ್ನ ಕೆಲಸವೇ ಆರಿಸುವುದು. ಬಂದ ಬಿಡಿಭಾಗಗಳಲ್ಲಿ ಸರಿಯಾದದ್ದು ಯಾವುದು, ವಾಪಸು ಕಳಿಸಬೇಕಾದದ್ದು ಯಾವುದು ಎಂದು ಹೇಳಬೇಕು. ಆದರೆ ಅಲ್ಲಿ ಕೈಯಲ್ಲಿ ಗೇಜು ಇರುತ್ತದೆ. ಗೇಜು ಒಳಗೆ ಹೋದರೆ ಪಾಸು, ಹೋಗದಿದ್ದರೆ ಫೇಲು, ನನ್ನ ಬುದ್ಧಿಗೇನೂ ಕೆಲಸವಿಲ್ಲ.

ಇಂಥವನನ್ನು ಈ ವರ್ಷ ನಮ್ಮ ಕನ್ನಡ ಸಂಘದವರು ವಾಲಿಬಾಲ್ ತಂಡವೊಂದಕ್ಕೆ ಮ್ಯಾನೇಜರ್ ಮಾಡಿದರು. ಆಡಲು ಬರುವವರೆಲ್ಲ ಆಟಗಾರರಾದ ಮೇಲೆ ಉಳಿದವನು ನಾನು, ಅಷ್ಟೇ ನನ್ನ ಅರ್ಹತೆ. ಮೊದಲೆಲ್ಲ ಸಂಘದ ಪಂದ್ಯಗಳು ಊರಿನ ಲೆಕ್ಕದಲ್ಲಿ ನಡೆಯುತ್ತಿದ್ದವು. ಉಡುಪಿ ಕುಂದಾಪುರದ ಹೋಟೆಲಿನವರದೊಂದು ತಂಡ, ವಿಜಯಪುರ ಕಲಬುರಗಿಯವರದೊಂದು ತಂಡ. ಆಟದಲ್ಲಿ ಶುರುವಾದ ಜಗಳ ಊಟದಲ್ಲಿ ಸಾಂಬಾರಿಗೆ ಬೆಲ್ಲ ಯಾಕೆ ಹಾಕಿದಿರಿ ಎಂಬಲ್ಲಿಗೆ ಮುಟ್ಟುತ್ತಿತ್ತು. ಅದಕ್ಕೇ ಹಿರಿಯರು ಹೊಸ ಪದ್ಧತಿ ತಂದರು: ಎಲ್ಲರ ಹೆಸರೂ ಒಂದೇ ಹಾಳೆಯಲ್ಲಿ, ನಾಲ್ಕು ತಂಡ, ಚೀಟಿ ಎತ್ತಿ ಪಾಳಿ ಗೊತ್ತುಮಾಡುವುದು, ಪಾಳಿಯಂತೆ ಒಬ್ಬೊಬ್ಬರು ಒಬ್ಬೊಬ್ಬ ಆಟಗಾರನನ್ನು ಆರಿಸುವುದು, ಹೀಗೆ ಎಂಟು ಸುತ್ತು. ಜಗಳ ತಪ್ಪಿಸಲು ಮಾಡಿದ ಈ ಪದ್ಧತಿ ಜಗಳವನ್ನು ಸಂಘದಿಂದ ಎತ್ತಿ ನೇರವಾಗಿ ನನ್ನ ಮನೆಗೆ ತಂದಿಟ್ಟಿತು.

ಯಾಕೆಂದರೆ ಹಾಳೆಯಲ್ಲಿ ಮಲ್ಲಿಕಾರ್ಜುನನ ಹೆಸರಿತ್ತು. ಮಲ್ಲು ನನ್ನ ಹೆಂಡತಿ ಶೈಲಾಳ ಒಬ್ಬನೇ ತಮ್ಮ. ಅವನು ಲಿಫ್ಟರ್. ವಾಲಿಬಾಲ್ ನೋಡದವರಿಗೆ ಹೇಳುತ್ತೇನೆ: ಎದುರಿನಿಂದ ಬಂದ ಚೆಂಡನ್ನು ಒಬ್ಬ ತಡೆಯುತ್ತಾನೆ, ಲಿಫ್ಟರ್ ಅದನ್ನು ನೆಟ್ಟಿನ ಪಕ್ಕ ಮೆತ್ತಗೆ ಎತ್ತಿ ಕೊಡುತ್ತಾನೆ, ಸ್ಮ್ಯಾಶರ್ ಹಾರಿ ಬಡಿಯುತ್ತಾನೆ. ಚಪ್ಪಾಳೆ ಬಡಿದವನಿಗೆ. ಎತ್ತಿಕೊಟ್ಟವನ ಕಡೆ ಯಾರೂ ನೋಡುವುದಿಲ್ಲ, ಎತ್ತಿದ್ದು ಕೆಟ್ಟರೆ ಮಾತ್ರ ಎಲ್ಲರೂ ನೋಡುತ್ತಾರೆ. ಎರಡು ವರ್ಷದ ಹಿಂದೆ, ಇದೇ ಪದ್ಧತಿಯಲ್ಲಿ, ಮೂವತ್ತೆರಡು ಜನರಲ್ಲಿ ನಮ್ಮ ಮಲ್ಲುವನ್ನು ಮೂವತ್ತೊಂದನೆಯವನಾಗಿ ಆರಿಸಿದರು. ಮೂವತ್ತೆರಡನೆಯವನು ಮದುವೆಗೆಂದು ಇಂದಾಪುರಕ್ಕೆ ಹೋಗಿದ್ದ, ಆಟಕ್ಕೆ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಕಾಲೇಜಿನ ದಿನಗಳಲ್ಲಿ ತಂಡಕ್ಕೇ ನಾಯಕನಾಗಿದ್ದವನು ಅಂದು ಮನೆಗೆ ಬಂದು ಬೂಟು ತೆಗೆದು ಅಟ್ಟದ ಮೇಲೆಸೆದ. ಮರುವರ್ಷ ಹೆಸರನ್ನೇ ಕೊಡಲಿಲ್ಲ. ಈ ವರ್ಷ ಅಕ್ಕ ಬೆನ್ನು ಹತ್ತಿ ಹೆಸರು ಬರೆಸಿದಳು. ಅದೇ ಹೊತ್ತಿಗೆ ಅವಳ ಗಂಡ ಮ್ಯಾನೇಜರ್ ಆಗಿ ಕೂತಿದ್ದ.

ಶೈಲಾ ಬಾಯಿಬಿಟ್ಟು ಏನೂ ಕೇಳಲಿಲ್ಲ. ಕೇಳಿದ್ದರೆ ಬಚಾವಾಗುತ್ತಿದ್ದೆ. "ನಿಮಗ ಯಾರು ಸರಿ ಅನ್ನಿಸ್ತಾರ ಅವರನ್ನ ತಗೋರಿ. ನಾ ಏನೂ ಹೇಳಂಗಿಲ್ಲ" ಅಂದಳು. ಇಪ್ಪತ್ತು ವರ್ಷ ಸಂಸಾರ ಮಾಡಿದವನಿಗೆ ಈ ಮಾತಿನ ತೂಕ ಗೊತ್ತು. ಮಲ್ಲುವನ್ನು ಮೊದಲ ಸುತ್ತಿನಲ್ಲೇ ಆರಿಸಬೇಕು, ಅಕ್ಕನ ಗಂಡನೇ ಹಿಂದಿನ ಸುತ್ತಿಗೆ ತಳ್ಳಿದರೆ ಅದು ಆ ಮೂವತ್ತೊಂದಕ್ಕಿಂತ ದೊಡ್ಡ ಅವಮಾನ. ಆಮೇಲೆ ನಾಲ್ಕು ದಿನ ದಿನಕ್ಕೊಂದು ನನಗೆ ಇಷ್ಟವಾದ ಪಲ್ಯ. ಎಣಗಾಯಿ ಆಯಿತು, ಪುಂಡಿಪಲ್ಯ ಆಯಿತು, ಜುಣಕದ ವಡಿ ಆಯಿತು. ನಾನು ಒಂದೊಂದು ತುತ್ತನ್ನೂ ಹೆದರಿ ಹೆದರಿ ನುಂಗಿದೆ.

ಇತ್ತ ನಮ್ಮ ತಂಡದ ನಾಯಕರು ಶೆಟ್ಟರು. ಕುಂದಾಪುರದ ಕಡೆಯವರು, ನಿಗಡಿಯಲ್ಲಿ ಹೋಟೆಲು. ಸಂಘದ ಸಭೆಗಳೆಲ್ಲ ಅವರ ಹೋಟೆಲಿನ ಮಹಡಿಯಲ್ಲೇ. ಅವರ ಕಣ್ಣು ದೇಹೂ ರೋಡಿನ ಸಂತೋಷನ ಮೇಲೆ. ಆರಡಿ ಮೂರಿಂಚಿನ ಆಳು, ಹಾರಿದರೆ ಮೊಣಕೈ ನೆಟ್ಟಿನ ಮೇಲೆ ಬರುತ್ತದೆ. ನಾನು ಸುಮ್ಮನೆ ಮಾತಿಗೆಂಬಂತೆ, ಒಳ್ಳೆಯ ಲಿಫ್ಟರ್ ಇದ್ದರೆ ಹೇಗೆ ಎಂದು ಎಳೆದೆ. ಶೆಟ್ಟರು ಕಾಫಿಯ ಲೋಟ ಕೆಳಗಿಟ್ಟರು. "ನಿಮ್ಮ ಭಾವಮೈದ ಒಳ್ಳೆ ಜನ ಮಾರಾಯ್ರೆ, ಇಲ್ಲ ಹೇಳುದಿಲ್ಲ. ಆದ್ರೆ ಬಾಲ್ ಎತ್ತಿ ಕೊಡ್ಲಿಕ್ಕೆ ಯಾರಾದ್ರೂ ಆಗ್ತದೆ, ಹೊಡೀಲಿಕ್ಕೆ ಜನ ಬೇಕಲ್ವಾ?" ಮೊದಲ ಸುತ್ತಿನಲ್ಲೇ ಮನೆಯವರನ್ನು ತುಂಬಿಕೊಂಡರೆ ಸಂಘದಲ್ಲಿ ನಾಲ್ಕು ಜನ ಏನಂದಾರು ಎಂದೂ ಸೇರಿಸಿದರು. ಆ ನಾಲ್ಕು ಜನರಲ್ಲಿ ಮೊದಲನೆಯವರು ತಾವೇ ಎಂಬುದನ್ನು ಅವರು ಮುಚ್ಚಿಡಲಿಲ್ಲ.

ತಲೆ ಕೆಟ್ಟು ಆಫೀಸಿನಲ್ಲಿ ಡಿಸೈನ್ ವಿಭಾಗದ ಗೆಳೆಯನ ಮುಂದೆ ತೋಡಿಕೊಂಡೆ. ಅವನು ಅಮೆರಿಕದ ಗಿರಾಕಿಗಳ ಜೊತೆ ದಿನಾ ಮಾತಾಡುವವನು, ಅವರ ಆಟದ ಹುಚ್ಚೂ ಅವನಿಗೆ ಹತ್ತಿದೆ. ಅಲ್ಲಿಯ ಫುಟ್‌ಬಾಲಿನಲ್ಲಿ (ಚೆಂಡನ್ನು ಕೈಯಲ್ಲೇ ಹಿಡಿದು ಓಡುತ್ತಾರಂತೆ, ಆದರೂ ಹೆಸರು ಫುಟ್‌ಬಾಲು) ಕ್ವಾರ್ಟರ್‌ಬ್ಯಾಕ್ ಎಂಬೊಬ್ಬ ಇರುತ್ತಾನೆ, ಇಡೀ ಆಟ ಅವನ ಕೈಯಿಂದಲೇ ಹೊರಡುತ್ತದೆ, ಅವನನ್ನು ಮೊದಲ ಸುತ್ತಿನಲ್ಲೇ ಆರಿಸಬೇಕೋ ಬೇಡವೋ ಎಂದು ತಜ್ಞರು ಟೈ ಕಟ್ಟಿಕೊಂಡು ತಿಂಗಳುಗಟ್ಟಲೆ ಟೀವಿಯಲ್ಲಿ ವಾದಿಸುತ್ತಾರೆ ಎಂದ. ಕೊನೆಗೆ ಏನು ತೀರ್ಮಾನ ಆಯಿತು ಎಂದು ಆಸೆಯಿಂದ ಕೇಳಿದೆ. ಪ್ರತಿವರ್ಷ ಹೊಸದಾಗಿ ಶುರುಮಾಡುತ್ತಾರೆ ಎಂದ. ನನಗೆ ಸ್ವಲ್ಪ ಸಮಾಧಾನವಾಯಿತು. ಆದರೆ ಆ ತಜ್ಞರ್ಯಾರಿಗೂ ಕ್ವಾರ್ಟರ್‌ಬ್ಯಾಕನ ಅಕ್ಕ ಮನೆಯಲ್ಲಿ ಬುತ್ತಿ ಕಟ್ಟಿಕೊಡುತ್ತಿರಲಿಲ್ಲವಲ್ಲ.

ನನಗಿದ್ದ ಒಂದೇ ಭರವಸೆ ಚೀಟಿ. ನಾಲ್ಕನೆಯ ಪಾಳಿ ಬಂದರೆ ಸಾಕು, ನನ್ನ ಪಾಳಿ ಬರುವಷ್ಟರಲ್ಲಿ ಮಲ್ಲುವೋ ಸಂತೋಷನೋ ಯಾರಾದರೊಬ್ಬರು ಹೋಗಿರುತ್ತಾರೆ, ಕೈ ಮೀರಿತು ಎಂದು ನಿಟ್ಟುಸಿರುಬಿಡಬಹುದು. ಭಾನುವಾರ ಬೆಳಿಗ್ಗೆ ಶೆಟ್ಟರ ಮಹಡಿಯಲ್ಲಿ ಎಲ್ಲ ದೇವರನ್ನೂ ನೆನೆದು ಚೀಟಿ ಎತ್ತಿದೆ. ಒಂದನೆಯ ನಂಬರು. ಹಿಂದೆ ಕೂತಿದ್ದ ಶೆಟ್ಟರು ನನ್ನ ಬೆನ್ನು ತಟ್ಟಿದರು. ಗೋಡೆಗೊರಗಿ ನಿಂತಿದ್ದ ಮಲ್ಲು ನನ್ನ ಕಡೆ ನೋಡಲಿಲ್ಲ, ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದ. ಕಾರ್ಯದರ್ಶಿಗಳು ಪೆನ್ನು ಹಿಡಿದು, ಹೇಳಿ, ಮೊದಲ ಹೆಸರು ನಿಮ್ಮದು ಎಂದರು.

ಈಗ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ವಿಜಯಪುರದ ಕಡೆ ಯಾರಾದರೂ ಚಹಾ ಕೊಟ್ಟರೆ ಕೂಡಲೇ ಕೈಚಾಚುವಂತಿಲ್ಲ. ಪಕ್ಕದಲ್ಲಿ ಹಿರಿಯರಿದ್ದರೆ ಅವರ ಕಡೆ ತಿರುಗಿ 'ನೀವ ಮೊದ್ಲ ತಗೋರಿ' ಅನ್ನಬೇಕು. ಅವರು 'ಇಲ್ಲ ಇಲ್ಲ, ನೀವ ತಗೋರಿ' ಅನ್ನಬೇಕು. ಹೀಗೆ ಎರಡು ಮೂರು ಸಲ ಆಗಿ ಚಹಾ ತಣ್ಣಗಾದ ಮೇಲೆ ಇಬ್ಬರೂ ಒಟ್ಟಿಗೆ ಕುಡಿಯಬೇಕು. ಅಂದು ನನ್ನ ಪಕ್ಕದಲ್ಲಿ ಕೂತವರು ಎರಡನೆಯ ಪಾಳಿಯ ತಂಡದ ಮ್ಯಾನೇಜರ್ ಜೋಶಿ ಮಾಸ್ತರರು, ಎಪ್ಪತ್ತು ದಾಟಿದವರು. ತಲೆ ಖಾಲಿಯಾಗಿತ್ತು. ಅವರ ಕಡೆ ತಿರುಗಿದವನೇ "ನೀವ ಮೊದ್ಲ ಆಗ್ಲಿ ಮಾಸ್ತರ" ಅಂದುಬಿಟ್ಟೆ.

ಮಾಸ್ತರರೂ ನಮ್ಮ ಕಡೆಯವರೇ, 'ಇಲ್ಲ ಇಲ್ಲ, ನೀವ ಆಗ್ಲಿ' ಎನ್ನುವುದು ಅವರ ಧರ್ಮ. ಆದರೆ ಅವರು ಪುಣೆಗೆ ಬಂದು ನಲವತ್ತೈದು ವರ್ಷ. ಈ ಊರಿನಲ್ಲಿ ಚಹಾ ಬೇಡವೆಂದರೆ 'ಬರಂ', ಆಯಿತು, ಎಂದು ಕಪ್ಪನ್ನು ಒಳಗೊಯ್ಯುತ್ತಾರೆ, ಅಷ್ಟು ಕಲಿಯಲು ನಲವತ್ತೈದು ವರ್ಷ ಬೇಕಾದಷ್ಟಾಯಿತು. "ಬರಂ, ಹಂಗಾರ ನಾನ ತಗೋತೀನಿ. ಮಲ್ಲಿಕಾರ್ಜುನ" ಎಂದರು. ಕಾರ್ಯದರ್ಶಿಗಳು ಬರೆದುಕೊಂಡೇಬಿಟ್ಟರು.

ಆ ಕ್ಷಣದ ಹಗುರವನ್ನು ಹೇಗೆ ಹೇಳಲಿ. ನೋಯುತ್ತಿದ್ದ ಹಲ್ಲು ಕಿತ್ತ ಮೇಲೆ ನಾಲಿಗೆ ಆ ಜಾಗವನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತದಲ್ಲ, ಹಾಗೆ ನಾನು ಆ ಹೆಸರನ್ನು ಹಾಳೆಯ ಮೇಲೆ ನಾಲ್ಕು ಸಲ ನೋಡಿದೆ. ಹೌದು, ಹೋಗಿತ್ತು. ಮೂವತ್ತೆರಡು ಜನರಲ್ಲಿ ಮೊಟ್ಟಮೊದಲ ಹೆಸರು ನನ್ನ ಭಾವಮೈದುನನದು, ಆರಿಸಿದವನು ನಾನಲ್ಲ. ಮನೆಮಂದಿಯನ್ನು ತುಂಬಿಕೊಂಡ ಎಂಬ ಮಾತಿಲ್ಲ, ತಮ್ಮನನ್ನು ಬಿಟ್ಟ ಎಂಬ ಮಾತೂ ಇಲ್ಲ. ಪಾಳಿ ಬಿಟ್ಟುಕೊಟ್ಟಾಗ ಉಸಿರು ಕಟ್ಟಿದ್ದ ಶೆಟ್ಟರಿಗೆ ನನ್ನ ಬಾಯಿಂದ ಸಂತೋಷನ ಹೆಸರು ಕೇಳಿ ಜೀವ ಬಂತು. ಮಲ್ಲು ಗೋಡೆ ಬಿಟ್ಟು ನೆಟ್ಟಗೆ ನಿಂತಿದ್ದ. ಮಾಸ್ತರರು ಪಾಳಿ ತೆಗೆದುಕೊಳ್ಳದೆ ಮೊದಲು ನಾನೇ ಹೇಳಬೇಕಾಗಿ ಬಂದಿದ್ದರೆ ಯಾವ ಹೆಸರು ಬರುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಅಂದು ಶೆಟ್ಟರ ಹೋಟೆಲಿನಲ್ಲಿ ಎರಡು ಪ್ಲೇಟು ಗೋಳಿಬಜೆ ತಿಂದೆ, ನಾಲ್ಕು ದಿನದಲ್ಲಿ ಹೆದರಿಕೆಯಿಲ್ಲದೆ ತಿಂದದ್ದು ಅದೇ ಮೊದಲು.

ಮುಂದಿನ ಭಾನುವಾರ ಆಟ, ನಮಗೂ ಮಾಸ್ತರರ ತಂಡಕ್ಕೂ. ಲಿಫ್ಟರನನ್ನು ಮೊದಲ ಸುತ್ತಿನಲ್ಲಿ ಆರಿಸಬೇಕೋ ಬೇಡವೋ ಎಂಬುದನ್ನು ಆ ಅಮೆರಿಕದ ತಜ್ಞರು ನಮ್ಮ ಮೈದಾನಕ್ಕೆ ಬಂದಿದ್ದರೆ ಒಂದು ಗಂಟೆಯಲ್ಲಿ ತಿಳಿದುಕೊಳ್ಳುತ್ತಿದ್ದರು. ಮಾಸ್ತರರ ತಂಡದಲ್ಲಿ ಹೊಡೆಯುವವರೇ ಇರಲಿಲ್ಲ. ಇದ್ದವನೊಬ್ಬ ಹೊಟ್ಟೆ ಬಂದ ಕಂಟ್ರಾಕ್ಟರು, ಹಾರಿದರೆ ಎರಡು ಇಂಚು. ಆದರೆ ಮಲ್ಲು ಆ ಎರಡು ಇಂಚಿಗೆ ಸರಿಯಾಗಿ ಚೆಂಡು ತಂದಿಡುತ್ತಿದ್ದ, ಆತ ಮುಚ್ಚಿದ ಕಣ್ಣಲ್ಲಿ ಕೈ ಬೀಸಿದರೂ ಪಾಯಿಂಟು. ನಮ್ಮ ಸಂತೋಷ ಪ್ರತಿಸಲವೂ ನೋಡುವ ಹಾಗೆ ಹಾರಿದ. ಅವನು ಹಾರಿದಲ್ಲಿಗೆ ಚೆಂಡು ಬರಲಿಲ್ಲ, ಚೆಂಡು ಬಂದಲ್ಲಿ ಅವನಿರಲಿಲ್ಲ. ಯಾರಾದರೂ ಆಗುತ್ತದೆ ಎಂದು ಶೆಟ್ಟರು ಹೇಳಿದ್ದರಲ್ಲ, ಆ ಎತ್ತಿಕೊಡುವ ಯಾರಾದರೂ ಸ್ವತಃ ಶೆಟ್ಟರೇ ಆಗಿದ್ದರು. ಎರಡೂ ಸೆಟ್ಟು ಸೋತೆವು. ಶೈಲಾ ಗೆರೆಯ ಪಕ್ಕದಲ್ಲಿ ನಿಂತು ಎದುರು ತಂಡಕ್ಕೆ ಚಪ್ಪಾಳೆ ತಟ್ಟುತ್ತಿದ್ದಳು, ನನಗೆ ಸೋತ ದುಃಖವೇ ತಟ್ಟಲಿಲ್ಲ.

ಮಧ್ಯಾಹ್ನ ಮಲ್ಲು ನಮ್ಮಲ್ಲೇ ಊಟಕ್ಕೆ ಬಂದ. ರೊಟ್ಟಿ ಮುರಿಯುತ್ತ, ತಲೆ ಎತ್ತದೆ, "ಮಾಮಾ, ಮೊದಲನೇ ಪಾಳಿ ನಿಮ್ಮದ ಇತ್ತು. ನಿಮ್ಮವರು ನನ್ನ ತಗೋಳಾಕ ಬಿಡೂದಿಲ್ಲ ಅಂತ ಮಾಸ್ತರಿಗೆ ಬಿಟ್ಟುಕೊಟ್ರಿ. ನನಗ ತಿಳೀಲಿಲ್ಲ ಅಂತ ತಿಳಕೋಬ್ಯಾಡ್ರಿ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಅಲ್ಲ ಮಾರಾಯ, ಅದು ಬಾಯಿತಪ್ಪಿ ಬಂದದ್ದು ಎಂದು ಹೇಳುವುದು ಸತ್ಯವಂತನ ಲಕ್ಷಣ. ನಾನು ದೊಡ್ಡ ಮನಸ್ಸಿನವನ ಹಾಗೆ ಅವನ ಭುಜ ತಟ್ಟಿ, ಇರ್ಲಿ ಬಿಡು, ಊಟ ಮಾಡು ಎಂದೆ.

ಅವನು ಕೈತೊಳೆಯಲು ಎದ್ದು ಹೋದ. ಶೈಲಾ ನನ್ನನ್ನೇ ನೋಡುತ್ತಿದ್ದಳು. ಇಪ್ಪತ್ತು ವರ್ಷ ಸಂಸಾರ ಮಾಡಿದ್ದು ನಾನೊಬ್ಬನೇ ಅಲ್ಲವಲ್ಲ.

"ಚಹಾ ಕೊಟ್ಟಾಗ ಅಂದಂಗ ಅಂದ್ರಿ, ಹೌದಿಲ್ಲೊ?"

ಹೌದು ಎಂದು ತಲೆಯಾಡಿಸಿದೆ. ಸಿಟ್ಟು ಬರುತ್ತದೆಂದು ಕಾದೆ, ಬರಲಿಲ್ಲ. ಅವಳು ತುಟಿ ಬಿಗಿಹಿಡಿದು ನಗು ತಡೆಯುತ್ತಿದ್ದಳು.

"ನನ್ನ ನೋಡಾಕ ಬಂದ ದಿನಾ ನಿಮ್ಮ ಬಾಜೂಕ ಇನ್ನೊಂದು ವರಾ ಕುಂತಿರಲಿಲ್ಲ, ಅದು ನನ್ನ ಪುಣ್ಯ" ಅಂದಳು.

ನಾನೂ ನಕ್ಕೆ. ನಗುತ್ತ ನಗುತ್ತಲೇ ಯೋಚಿಸಿದೆ, ಕುಂತಿದ್ದರೆ? ಏನು ಅಂದಿರುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಆ ಇನ್ನೊಬ್ಬ ವರ ಒಳಗೆ ಕೂತು ಅವಲಕ್ಕಿ ತಿನ್ನುತ್ತಿದ್ದ, ನಾನು ಹೊರಗೆ ಕಟ್ಟೆಯ ಮೇಲೆ ಕೂತು ಅವನ ಚಪ್ಪಲಿ ಕಾಯುತ್ತಿದ್ದೆ.