ಸಂಡಿಗೆ ಗೋಡೆಯ ಬಿಸಿಲು

ಚೌಕಾಶಿ ಮಾಡದೆ ಕೊಂಡ ವಸ್ತು ನನ್ನ ಮೈಗೆ ಹತ್ತುವುದಿಲ್ಲ. ಇದು ಗುಣವೋ ರೋಗವೋ ಎಂದು ತೀರ್ಮಾನಿಸುವ ಕೆಲಸವನ್ನು ಹೆಂಡತಿ ಗಿರಿಜಾಳಿಗೆ ಬಿಟ್ಟಿದ್ದೆ. ಅವಳು ಎರಡೂ ಹೌದೆಂದು ತೀರ್ಪು ಕೊಟ್ಟಿದ್ದಳು. ಹುಬ್ಬಳ್ಳಿಯಿಂದ ಟೊರೊಂಟೊಗೆ ಬಂದ ಹೊಸದರಲ್ಲಿ, ಈ ದೇಶದಲ್ಲಿ ಬೆಲೆ ಚೀಟಿಯ ಮೇಲೆ ಅಚ್ಚಾಗಿರುತ್ತದೆ, ಅದರ ಬಗ್ಗೆ ಮಾತಾಡುವಂತಿಲ್ಲ ಎಂದು ನಾಲ್ಕು ಜನ ನನ್ನನ್ನು ಹೆದರಿಸಿದ್ದರು. ನಂಬಬೇಡಿ. ಮಾತಾಡಬಹುದು. ಹಾಸಿಗೆ ಕೊಂಡರೆ ಮೇಲೊಂದು ದಿಂಬು ಕೇಳಬೇಕು, ಫ್ರಿಜ್ಜಿನ ಮೈಮೇಲೆ ಗೀರು ಬಿದ್ದಿದೆಯೇ ಎಂದು ಕನ್ನಡಕ ಹಾಕಿಕೊಂಡು ಹುಡುಕಬೇಕು, ತಿಂಗಳ ಕೊನೆಯ ಸಂಜೆ ಕಾರಿನ ಶೋರೂಮಿಗೆ ಹೋಗಿ ಆಕಳಿಸುತ್ತ ಕೂರಬೇಕು. ಹೀಗೆ ಮಾತಾಡಿ ಮಾತಾಡಿಯೇ ನಾರ್ತ್ ಯಾರ್ಕಿನಲ್ಲಿ ನನ್ನದೊಂದು ಟೈಲ್ಸ್ ಅಂಗಡಿಯಾಯಿತು, ಥಾರ್ನ್‌ಹಿಲ್‌ನಲ್ಲಿ ಮನೆಯಾಯಿತು.

ಹಾಗಾಗಿ ಹೋದ ವರ್ಷ ಚಳಿ ಮುಗಿಯುವ ಹೊತ್ತಿಗೆ ಡಾಕ್ಟರಮ್ಮ ಗಿರಿಜಾಳ ರಿಪೋರ್ಟುಗಳನ್ನು ಮುಚ್ಚಿಟ್ಟು, "ಬಹುಶಃ ಬೇಸಿಗೆಯ ಕೊನೆಯವರೆಗೆ", ಅಂದರೆ ಇಲ್ಲಿಯ ಲೆಕ್ಕದಲ್ಲಿ ಸೆಪ್ಟೆಂಬರ್ ತನಕ, ಎಂದಾಗ ನನ್ನ ಬಾಯಿ ತಾನಾಗಿಯೇ ತೆರೆಯಿತು. "ದೀಪಾವಳಿ ತನಕ ಮಾಡಿಕೊಡಿ" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವರಿಗೆ ದೀಪಾವಳಿ ಗೊತ್ತಿರಲಿಲ್ಲ. ನವೆಂಬರ್ ಎಂದು ಬಿಡಿಸಿ ಹೇಳಿದೆ. ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡರು. ನನ್ನ ಅನುಭವದಲ್ಲಿ, ಎದುರಿನವರು ಕೈ ಹಿಡಿದುಕೊಂಡರೆಂದರೆ ಇನ್ನು ಬೆಲೆ ಇಳಿಯುವುದಿಲ್ಲ.

ಕಾರಿನಲ್ಲಿ ಕೂತ ಮೇಲೆ ಗಿರಿಜಾ ಬೆಲ್ಟು ಹಾಕಿಕೊಂಡಳು. ಆಮೇಲೆ, "ಅಲ್ರೀ, ಇಷ್ಟು ವರ್ಷ ವ್ಯಾಪಾರ ಮಾಡಿ ಏನ್ ಕಲ್ತ್ರಿ? ಮೊದಲ ಬಾಯಿಗೇ ದೀಪಾವಳಿ ಅಂತ ಯಾರರ ಕೇಳ್ತಾರೇನು? ಮೊಮ್ಮಕ್ಕಳ ಮದವಿ ಅಂತ ಶುರು ಮಾಡಿದ್ರ ದೀಪಾವಳಿಗೆ ಬಂದು ನಿಲ್ತಿತ್ತು" ಎಂದಳು. ಇಬ್ಬರೂ ನಕ್ಕೆವು. ಸಿಗ್ನಲ್ಲಿನಲ್ಲಿ ಹಿಂದಿನವನು ಹಾರ್ನ್ ಹೊಡೆಯುವವರೆಗೆ ದೀಪ ಹಸಿರಾದದ್ದು ನನಗೆ ಕಾಣಲಿಲ್ಲ.

ಅವಳು ಕೇಳಿದ್ದು ಒಂದೇ. "ಒಮ್ಮೆ ಬ್ಲೂಬೆರಿ ಆರಿಸಾಕ ಹೋಗೂಣು." ಅಂಗಡಿಯ ಡಬ್ಬಿಯಲ್ಲಿ ಗೋಲಿಯಂತೆ ಹೊಳೆಯುವ ಹಣ್ಣಲ್ಲ. ಉತ್ತರಕ್ಕೆ ಪ್ಯಾರಿ ಸೌಂಡ್ ಎಂಬ ಊರು ದಾಟಿದ ಮೇಲೆ ಬಂಡೆಗಳ ಸಂದಿಯಲ್ಲಿ ಮೊಣಕಾಲೆತ್ತರಕ್ಕೂ ಬಾರದ ಕಾಡು ಗಿಡಗಳಿರುತ್ತವೆ; ಅವುಗಳ ಹಣ್ಣು ಸಣ್ಣದು, ಕಪ್ಪು, ನಾಲಿಗೆಗೆ ಬಣ್ಣ ಹತ್ತುವಂಥದು. ಕಲಘಟಗಿಯ ಗುಡ್ಡದಲ್ಲಿ ಹುಡುಗಿಯಾಗಿ ಅವಳು ಆರಿಸುತ್ತಿದ್ದ ಕವಳಿ ಹಣ್ಣಿನ ತಂಗಿ ಇದು ಎಂದು ಅವಳ ವಾದ. ನಾವು ಹಿಂದೆ ಹಲವು ಸಲ ಹೋಗಿದ್ದೆವು, ಒಮ್ಮೆಯೂ ಹಣ್ಣು ಸಿಕ್ಕಿರಲಿಲ್ಲ. ನಾನು ಮೋಟೆಲು ಅಗ್ಗವಿರುವ ವಾರ ನೋಡಿ ಹೊರಡುತ್ತಿದ್ದೆ. ಮೋಟೆಲು ಅಗ್ಗವಾಗುವುದು ಒಂದೋ ಹಣ್ಣಾಗುವ ಮೊದಲು, ಇಲ್ಲವೇ ಕರಡಿಗಳ ಊಟ ಮುಗಿದ ಮೇಲೆ ಎಂಬುದು ನನಗೆ ಹೊಳೆದಿರಲಿಲ್ಲ. ಈಗ ಗಿರಿಜಾಳ ಮೈಯಲ್ಲಿ ಉಳಿದಿದ್ದದ್ದು ಒಂದೇ ಪ್ರಯಾಣದ ಶಕ್ತಿ. ವಾರ ತಪ್ಪುವಂತಿರಲಿಲ್ಲ.

ನಮ್ಮ ಮಗಳು ವಿದ್ಯಾ ಇಲ್ಲಿಯೇ ಹುಟ್ಟಿದವಳು, ಬೆಳೆಗಳ ಬಗ್ಗೆ ಓದಿದವಳು. "ಅಪ್ಪಾ, ಪ್ಲಾಂಟ್ಸ್ ಡೋಂಟ್ ರೀಡ್ ಕ್ಯಾಲೆಂಡರ್ಸ್. ದೇ ಆಡ್ ಅಪ್ ಹೀಟ್" ಎಂದಳು. ಗಿಡ ಬಿಸಿಯನ್ನು ಕೂಡಿಸಿಕೊಳ್ಳುತ್ತದಂತೆ. ದಿನದ ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಉಷ್ಣಾಂಶದ ಸರಾಸರಿ ಹಿಡಿದು, ಸೊನ್ನೆಗಿಂತ ಮೇಲೆ ಎಷ್ಟಿದೆಯೋ ಅಷ್ಟನ್ನು ಏಪ್ರಿಲ್‌ನಿಂದ ದಿನವೂ ಕೂಡಿಸುತ್ತ ಹೋಗಬೇಕು. ಮೊತ್ತ ಇಷ್ಟಾದಾಗ ಮೊಗ್ಗು, ಇಷ್ಟಾದಾಗ ಹೂವು, ಇಷ್ಟಾದಾಗ ಹಣ್ಣು. ನಡುವೆ ಮತ್ತೆ ಹಿಮ ಬಿದ್ದರೆ ಆ ದಿನದ್ದು ಸೊನ್ನೆ, ಅಷ್ಟೇ. ಹಿಂದೆ ಕೂಡಿದ್ದರಲ್ಲಿ ಏನೂ ಕಳೆಯುವುದಿಲ್ಲ. ಈ ಕರಾರು ನನಗೆ ಬಹಳ ಹಿಡಿಸಿತು. ಕೊಟ್ಟದ್ದನ್ನು ವಾಪಸ್ ಕೇಳದ ಪಾರ್ಟಿ ನನಗೆ ಈ ದೇಶದಲ್ಲಿ ಬೇರೆ ಸಿಕ್ಕಿಲ್ಲ.

ಕಾಡಿನ ಹತ್ತಿರದ ಹವಾಮಾನ ಕೇಂದ್ರದ ಅಂಕಿ ನೋಡು, ಇಲ್ಲವೇ ಥರ್ಮಾಮೀಟರನ್ನು ನೆರಳಲ್ಲಿ ಕಟ್ಟು ಎಂದು ವಿದ್ಯಾ ಹೇಳಿದ್ದು ನಿಜ. "ನೆರಳಾಗ ಬಿಸಿ ಎಲ್ಲಿಂದ ಬರಬೇಕು? ಮೂರು ತಾಸಿನ ದಾರಿ, ಇಲ್ಲಿಗೂ ಅಲ್ಲಿಗೂ ಸೂರ್ಯ ಒಬ್ಬನ" ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ಜೆರಾರ್ಡ್ ಇಂಡಿಯಾ ಬಜಾರಿಗೆ ಹೋಗಿ ಅಂಗಡಿಯವನ ಹತ್ತಿರ ವಾದಿಸಿ, ಅವನು "ಅರೇ ಅಂಕಲ್‌ಜೀ, ಲೇ ಜಾವೋ" ಎಂದು ಕೈ ಮುಗಿಯುವವರೆಗೆ ನಿಂತು, ಒಂದರ ಬೆಲೆಗೆ ಎರಡು ಥರ್ಮಾಮೀಟರು ತಂದೆ. ಒಂದನ್ನು ಹಿತ್ತಲಲ್ಲಿ ಮರದ ಜಗಲಿಯಂಥ ಡೆಕ್ಕಿನ ಇಟ್ಟಿಗೆ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ದಕ್ಷಿಣಕ್ಕೆ ಮುಖಮಾಡಿದ ಗೋಡೆ. ಗಿರಿಜಾ ವರ್ಷವರ್ಷ ಸಂಡಿಗೆ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಒಣಗಿಸುತ್ತಿದ್ದದ್ದು ಅದರ ಬುಡದಲ್ಲಿಯೇ. ಥಾರ್ನ್‌ಹಿಲ್‌ನಲ್ಲಿ ಅದಕ್ಕಿಂತ ಒಳ್ಳೆಯ ಬಿಸಿಲು ಇನ್ನೊಂದಿಲ್ಲ. ಮನೆಯಲ್ಲಿ ಒಂದು ನಂಬರ್ ಬಿಸಿಲಿರುವಾಗ ಎರಡನೇ ದರ್ಜೆಯದನ್ನು ಯಾರು ಅಳೆಯುತ್ತಾರೆ?

ಏಪ್ರಿಲ್ ಜಿಪುಣನ ಹಾಗೆ ಕೊಟ್ಟಿತು. ಮೇ ತಿಂಗಳು ಪರವಾಗಿಲ್ಲ. ನಾನು ದಿನವೂ ಅಂಗಡಿಯಿಂದ ಬಂದವನು ಮೊದಲು ಡೆಕ್ಕಿಗೆ ಹೋಗಿ, ಆಮೇಲೆ ಒಳಗೆ ಬಂದು, "ಇವತ್ತು ವ್ಯಾಪಾರ ಜೋರ್ ಆತು" ಎಂದು ವರದಿ ಕೊಡುತ್ತಿದ್ದೆ. "ಅಂಗಡಿದೋ, ಬ್ಲೂಬೆರಿದೋ?" ಎಂದು ಅವಳು ಕೇಳುತ್ತಿದ್ದಳು. ಮೊತ್ತ ದಪ್ಪವಾಗುತ್ತ ಹೋಯಿತು, ಅವಳು ತೆಳ್ಳಗಾಗುತ್ತ ಹೋದಳು. ಮಧ್ಯಾಹ್ನ ಶಾಲು ಹೊದ್ದು ಅದೇ ಗೋಡೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಆ ವರ್ಷ ಅಲ್ಲಿ ಸಂಡಿಗೆ ಇರಲಿಲ್ಲ.

ಜುಲೈ ಶುರುವಿಗೇ ಮೊತ್ತ ಹಣ್ಣಿನ ಗೆರೆ ಮುಟ್ಟಿತು. "ಅಪ್ಪಾ, ಇಟ್ಸ್ ಟೂ ಅರ್ಲಿ. ಆರ್ ಯೂ ಶೂರ್?" ಎಂದಳು ವಿದ್ಯಾ.

"ಲೆಕ್ಕಾ ನಿಂದು, ಥರ್ಮಾಮೀಟರ್ ನಂದು. ಇಬ್ಬರಾಗ ಯಾರದ ಸುಳ್ಳು, ಹೇಳು?"

ಹೊರಟೆವು. ಕಾರಿನ ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಗಿರಿಜಾ, ಪಕ್ಕದಲ್ಲಿ ವಿದ್ಯಾ, ಡಿಕ್ಕಿಯಲ್ಲಿ ಮೂರು ಖಾಲಿ ಬಕೆಟ್ಟು. ಬಂಡೆಯ ತನಕ ಅವಳನ್ನು ನಾನು ಮತ್ತು ವಿದ್ಯಾ ಎರಡು ಕಡೆಯಿಂದ ಹಿಡಿದುಕೊಂಡು ಹೋದೆವು. ಕಣ್ಣು ಹಾಯಿಸಿದಷ್ಟು ದೂರ ಗಿಡಗಳು, ಗಿಡದ ತುಂಬ ಕಾಯಿ. ಹಸಿರು, ಗಟ್ಟಿ, ಬಟಾಣಿಯಂಥ ಕಾಯಿ. ನೋಡಿದಲ್ಲೆಲ್ಲ ಒಂದೂ ಕಪ್ಪು ಹಣ್ಣಿಲ್ಲ.

"ಥರ್ಮಾಮೀಟರ್ ಎಲ್ಲಿ ಹಾಕಿದ್ದಿ, ಅಪ್ಪಾ?"

ಹೇಳಿದೆ.

"ಆನ್ ದಿ ಸಂಡಿಗೆ ವಾಲ್?" ವಿದ್ಯಾ ಬಂಡೆಯ ಮೇಲೆ ಕೂತುಬಿಟ್ಟಳು.

ನಾನು ಬಕೆಟ್ಟು ಹಿಡಿದು ನಿಂತೇ ಇದ್ದೆ. ಎಲ್ಲದರಲ್ಲೂ ಸ್ವಲ್ಪ ಹೆಚ್ಚಿಗೆ ಕಿತ್ತುಕೊಂಡು ಬರುವ ನನ್ನ ಚಾಳಿ ಬಿಸಿಲನ್ನೂ ಬಿಟ್ಟಿರಲಿಲ್ಲ; ಕಾದ ಇಟ್ಟಿಗೆಯ ಬಿಸಿಯನ್ನೂ ಗಿಡದ ಲೆಕ್ಕಕ್ಕೆ ಬರೆದಿದ್ದೆ. ಇದ್ದ ಒಂದು ಪ್ರಯಾಣವೂ ಖರ್ಚಾಗಿ ಹೋಗಿತ್ತು. ಗಿರಿಜಾಳ ಮುಖ ನೋಡುವ ಧೈರ್ಯವಾಗಲಿಲ್ಲ. ಹಿಂದೆ ಟಪ್ ಎಂದು ಡಬ್ಬಿ ತೆಗೆದ ಸದ್ದಾಯಿತು. ತಿರುಗಿದರೆ, ಅವಳ ಮಡಿಲಲ್ಲಿ ಸಣ್ಣ ಸ್ಟೀಲಿನ ಡಬ್ಬಿ. ಒಳಗೆ ಉಪ್ಪು, ಕೆಂಪು ಖಾರದ ಪುಡಿ. ಆಗಲೇ ಒಂದು ಹಿಡಿ ಕಾಯಿ ಕಿತ್ತಿದ್ದಳು. ಒಂದನ್ನು ಅದ್ದಿ ಬಾಯಿಗೆ ಹಾಕಿ, ಒಂದು ಕಣ್ಣು ಮುಚ್ಚಿ, ನಾಲಿಗೆ ಚಪ್ಪರಿಸಿದಳು.

"ಥೇಟ್ ಕವಳಿಕಾಯಿ ನೋಡ್ರಿ."

"ಡಬ್ಬಿ ಯಾಕ ತಂದಿ?" ಎಂದೆ.

"ಆ ಗ್ವಾಡಿ ಬಿಸಲು ನನಗ ಗೊತ್ತಿಲ್ಲೇನು? ಎರಡ ದಿನಕ್ಕ ಸಂಡಗಿ ಕಟಕಟ ಅಂತಾವ. ನೀವು ಮೊಳಿ ಹೊಡಿಯೂ ಮುಂದನ ನೋಡಿದ್ನಿ."

"ಮತ್ತ ಹೇಳಬಾರದಿತ್ತೇನು?"

"ಹೇಳಿದ್ರ ತಡಾ ಮಾಡ್ತಿದ್ರಿ. ಹಣ್ಣಾಗೂ ತನಕಾ ನಾ ಎದ್ದು ಬರತಿದ್ನೇನು? ಬರ್ರಿ, ಕುಂದರ್ರಿ. ಖಾರ ಭಾಳ ಹಚ್ಚಬ್ಯಾಡ್ರಿ, ಹೊಟ್ಟಿ ಉರಿತೈತಿ."

ಮೂವರೂ ಕೂತು ತಿಂದೆವು. ವಿದ್ಯಾ ಅಳುತ್ತಿದ್ದಳು, ಕೇಳಿದರೆ ಖಾರ ಎಂದಳು.

ನಿಜವಾದ ಹಣ್ಣು ಆಗುವ ಹೊತ್ತಿಗೆ ಗಿರಿಜಾ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ವಿದ್ಯಾ ಒಬ್ಬಳೇ ಹೋಗಿ ಒಂದು ಡಬ್ಬಿ ತುಂಬ ತಂದಳು. ಗಿರಿಜಾ ಒಂದನ್ನು ಬಾಯಿಗೆ ಹಾಕಿಕೊಂಡು, "ಸಿಹಿ ಐತಿ, ಆದ್ರ ಸಪ್ಪಗ" ಎಂದಳು. ಗಣಪತಿಯನ್ನು ಕಳಿಸಿಕೊಟ್ಟ ಮೇಲೆ ಅವಳೂ ಹೋದಳು. ಡಾಕ್ಟರಮ್ಮ ಹೇಳಿದ ದರ ಒಂದಿಷ್ಟೂ ಹಿಂದೆಮುಂದೆ ಆಗಲಿಲ್ಲ.

ಈ ವರ್ಷ ಎರಡನೇ ಥರ್ಮಾಮೀಟರನ್ನು ಹೊರತೆಗೆದು ಉತ್ತರದ ನೆರಳಿನಲ್ಲಿ ಕಟ್ಟಿದ್ದೇನೆ. ಕಾಡಿನ ಕಡೆಯ ಹವಾಮಾನ ಕೇಂದ್ರದ ಅಂಕಿಯನ್ನೂ ನೋಡುತ್ತೇನೆ. ನಮ್ಮ ಕನ್ನಡದ ಮಂದಿಯಲ್ಲಿ ಈಗ ನನಗೆ ಹೊಸ ಖ್ಯಾತಿ ಬಂದಿದೆ. "ಕಾಕಾ, ಬೆರಿ ಯಾವಾಗ?" ಎಂದು ಫೋನು ಮಾಡುತ್ತಾರೆ. ವಾರ ಹೇಳುತ್ತೇನೆ, ಬಕೆಟ್ಟು ಯಾವ ಅಳತೆಯದಿರಬೇಕೆಂದು ಹೇಳುತ್ತೇನೆ, ಥರ್ಮಾಮೀಟರು ನೆರಳಲ್ಲೇ ಇರಲಿ, ಇಟ್ಟಿಗೆ ಗೋಡೆಯಿಂದ ದೂರವಿರಲಿ ಎಂದು ಎಚ್ಚರಿಸುತ್ತೇನೆ. ಕೇಳದಿದ್ದರೂ ಹೇಳುತ್ತೇನೆ.

ಸಂಡಿಗೆ ಗೋಡೆಯ ಮೇಲಿನದನ್ನು ಮಾತ್ರ ತೆಗೆದಿಲ್ಲ. ಅದರ ಲೆಕ್ಕ ಬೇರೆ ಇಟ್ಟಿದ್ದೇನೆ. ಅದು ಹಣ್ಣಾಯಿತೆಂದ ದಿನ ಸ್ಟೀಲಿನ ಡಬ್ಬಿ ಜೇಬಿಗೆ ಹಾಕಿಕೊಂಡು ಒಬ್ಬನೇ ಹೊರಟೆ. ಮೋಟೆಲಿನಾಕೆ ತಾನಾಗಿಯೇ, "ಇನ್ನೂ ಸೀಸನ್ ಶುರುವಾಗಿಲ್ಲ, ಒಬ್ಬರೇ ಅಲ್ಲವೇ, ಸಣ್ಣ ರೂಮು ಕಡಿಮೆಗೆ ಕೊಡುತ್ತೇನೆ" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಬೆಲೆ ಇಳಿದದ್ದು ಜನ್ಮದಲ್ಲಿ ಅದೇ ಮೊದಲು. "ಬೇಡ, ಇಬ್ಬರ ರೂಮನ್ನೇ ಕೊಡಿ" ಎಂದು ಹೇಳಿ, ಅವಳು ಕೇಳಿದ ಬೆಲೆ ಕೊಟ್ಟುಬಿಟ್ಟೆ.

ನೀವು ಹಾಗೆ ಮಾಡಬೇಡಿ. ಶುದ್ಧ ನಷ್ಟದ ವ್ಯಾಪಾರ.