ಅರಿಶಿನ ಕುಡಿದ ಜೀಪು

ಸಂತೆಯಲ್ಲಿ ನನಗೆ ಮೋಸ ಮಾಡುವವರು ಇನ್ನೂ ಹುಟ್ಟಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಬದನೆಕಾಯಿಯ ತೊಟ್ಟು ನೋಡಿ ಒಳಗಿರುವ ಹುಳುವಿನ ವಯಸ್ಸು ಹೇಳಬಲ್ಲೆ. ದೇವರು ನನಗೆ ರೂಪ ಕೊಡುವಾಗ ಕೈ ಬಿಗಿ ಹಿಡಿದರೂ ಅನುಮಾನವನ್ನು ಧಾರಾಳವಾಗಿ ಕೊಟ್ಟಿದ್ದಾನೆ. ಅದಕ್ಕಾಗಿ ದಿನವೂ ಕೈ ಮುಗಿಯುತ್ತೇನೆ. ಏಕೆಂದರೆ ನಮ್ಮ ಯಜಮಾನರಿಗೆ ಅದನ್ನು ಒಂದು ಚೂರೂ ಕೊಟ್ಟಿಲ್ಲ! ಹಿಂದೊಮ್ಮೆ ಅವರು ಹೊತ್ತಿಗೆ ನಾಲ್ಕು ಸೇರು ಹಾಲು ಕೊಡುತ್ತದೆಂಬ ಮಾತು ನಂಬಿ ಹಸು ತಂದರು. ಅದು ಕೊಟ್ಟಿದ್ದು ಒದೆ ಮಾತ್ರ.

ಇಂಥವರು ಜೀಪು ಕೊಳ್ಳಲು ಹೊರಟರು. ಗೌನಿಪಲ್ಲಿ ಹತ್ತಿರ ನಮಗೆ ಮಾವಿನ ತೋಪಿದೆ. ಎತ್ತಿನ ಗಾಡಿಯಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿ ಮುಟ್ಟುವಷ್ಟರಲ್ಲಿ ಅರ್ಧ ಕಾಯಿ ನಜ್ಜುಗುಜ್ಜಾಗುತ್ತಿತ್ತು. ಹಾಗಾಗಿ ಜೋಡಿ ಎತ್ತುಗಳನ್ನೂ ಗಾಡಿಯನ್ನೂ ಪಕ್ಕದ ಮನೆಯ ಮುನಿವೆಂಕಟಪ್ಪನಿಗೆ ಮಾರಿ ಹಳೆಯ ಜೀಪು ತರುವುದೆಂದು ತೀರ್ಮಾನವಾಯಿತು. ಕೊಯ್ಲಿಗೆ ಹದಿನೈದು ದಿನ ಉಳಿದಿತ್ತು.

"ಆ ಜೀಪು ನಿಂತುಹೋದ್ರೆ ನಿಮ್ಮಿಬ್ಬರನ್ನೇ ನೊಗಕ್ಕೆ ಕಟ್ತೀನಿ" ಎಂದರು ನಮ್ಮತ್ತೆ.

"ನಾನೂ ಜೊತೇಲಿ ಹೋಗ್ತೀನಿ ಅತ್ತೆ. ನಾನು ನೋಡದೆ ಏನೂ ಆಗಲ್ಲ" ಎಂದೆ. ಈ ಮಾತನ್ನು ದಯವಿಟ್ಟು ನೆನಪಿಡಿ. ನಮ್ಮತ್ತೆ ಇವತ್ತಿಗೂ ನೆನಪಿಟ್ಟಿದ್ದಾರೆ.

ಕೋಲಾರದಲ್ಲಿ ಬಸ್ ಓಡಿಸುವ ನಮ್ಮಣ್ಣನಿಗೆ ಕಾಗದ ಬರೆದು ಏನೇನು ನೋಡಬೇಕೆಂದು ಕೇಳಿದ್ದೆ. ಆತ ಇನ್‌ಲ್ಯಾಂಡ್ ಕಾಗದದ ಮೂರು ಮಗ್ಗುಲೂ ತುಂಬಿಸಿ ಕಳಿಸಿದ್ದ. ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ಕೆಟ್ಟ ರೇಡಿಯೋದಿಂದ ಕಿತ್ತ ಒಂದು ಅಯಸ್ಕಾಂತವನ್ನೂ ಹಿಡಿದು ಮುಳಬಾಗಿಲಿಗೆ ಹೋದೆ.

ಜೀಪು ಒಬ್ಬ ಕಂಟ್ರಾಕ್ಟರದು. ಹೊಸ ಹಸಿರು ಬಣ್ಣ ಹೊಡೆದು ಬಾಗಿಲಲ್ಲಿ ನಿಲ್ಲಿಸಿದ್ದರು. ಹೊಸ ಬಣ್ಣ ಕಂಡೊಡನೆ ನನ್ನ ಅನುಮಾನ ಎದ್ದು ಕೂತಿತು. ಅಯಸ್ಕಾಂತ ತೆಗೆದು ಮೈಯೆಲ್ಲ ಅಂಟಿಸುತ್ತಾ ಬಂದೆ. ಹಿಂದಿನ ಚಕ್ರದ ಮೇಲ್ಭಾಗದಲ್ಲಿ ಅದು ಅಂಟದೆ ಜಾರಿ ಬಿತ್ತು.

"ಇಲ್ಲಿ ತಗಡಿಲ್ಲ, ಬರೀ ಪುಟ್ಟಿ ಮೆತ್ತಿದ್ದೀರಿ!"

"ಅಬ್ಬಾ, ಏಮಮ್ಮಾ ನೀವು! ಅಂಗೈಯಷ್ಟು ಜಾಗ ಅಷ್ಟೇ" ಎಂದು ಕಂಟ್ರಾಕ್ಟರು ಬೆವರು ಒರೆಸಿಕೊಂಡರು. ನನಗೆ ಹುಮ್ಮಸ್ಸು ಬಂತು. ಸೆರಗು ಸಿಕ್ಕಿಸಿ ಜೀಪಿನ ಕೆಳಗೆ ಬಗ್ಗಿ ಎಣ್ಣೆ ತೊಟ್ಟಿಕ್ಕುತ್ತಿದೆಯೇ ನೋಡಿದೆ. ಹೊಗೆ ನೀಲಿಯೋ ಕಪ್ಪೋ ಎಂದು ಹಿಂದೆ ನಿಂತು ಕೆಮ್ಮಿದೆ. ಚಾಸಿಯ ನಂಬರನ್ನು ಪುಸ್ತಕದ ಜೊತೆ ಒಂದೊಂದೇ ಅಂಕಿ ತಾಳೆ ಹಾಕಿದೆ. ಸ್ಟೇರಿಂಗ್ ಎಷ್ಟು ಸಡಿಲವಿದೆಯೆಂದು ಯಜಮಾನರ ಕೈಯಿಂದ ಅಲ್ಲಾಡಿಸಿ ನೋಡಿದೆ. ಎತ್ತಿನ ಮೈಮೇಲೆ ಕೂದಲ ಸುಳಿ ನೋಡುವ ಅಭ್ಯಾಸದಲ್ಲಿ ಬಾನೆಟ್ಟಿನ ಮೇಲೂ ಕೈಯಾಡಿಸಿದೆ. ಸುಳಿ ಇರಲಿಲ್ಲ.

ಉಳಿದದ್ದು ಕಾಗದದ ಕೊನೆಯ ಸಾಲು. 'ಹೀಟ್ ಮೀಟರಿನ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡು. ರೇಡಿಯೇಟರಿನ ಮುಚ್ಚಳ ತೆಗೆಸಿ ನೀರು ನೋಡು. ತುಕ್ಕಿನ ಕೆಂಪು ಇದ್ದರೆ ಬೇಡ.'

ಮೀಟರಿರಬೇಕಾದ ಜಾಗದಲ್ಲಿ ವಿನಾಯಕನ ಪಟವಿತ್ತು. ಕುಂಕುಮ, ಗರಿಕೆ, ಹಸಿ ಹೂವು! ಎಣ್ಣೆ ಕೈಯಲ್ಲಿ ಯಜಮಾನರು ಅದನ್ನು ಸರಿಸಲು ಹೋದರು. ಕೈಗೆ ಪಟ್ಟನೆ ಹೊಡೆದೆ.

"ರೀ! ಕೈ ತೊಳೀದೆ ದೇವರನ್ನ ಮುಟ್ತೀರಾ?"

"ಮೀಟರ್ ನೋಡ್ಬೇಕಲ್ವೇನೇ?"

"ಸ್ವಾಮಿ ಕೂತಿರೋ ಜಾಗದಲ್ಲಿ ಎಂಥಾ ಮೀಟರು!"

ಇನ್ನು ಮುಚ್ಚಳ. ಯಜಮಾನರು ತೆಗೆದು ಬಗ್ಗಿ ನೋಡಿ, "ನೀರು ಹಳದಿ ಇದೆ ಕಣೇ" ಎಂದರು. ಬಗ್ಗಿ ಮೂಸಿದೆ. ಅರಿಶಿನ!

"ಶುಕ್ರವಾರದ ಪೂಜೆ ಅಮ್ಮಾ" ಎಂದರು ಕಂಟ್ರಾಕ್ಟರು. "ನಮ್ಮನೆಯವಳು ಅರಿಶಿನದ ನೀರು ಹಾಕದೆ ಗಾಡಿ ಆಚೆ ಬಿಡೋದೇ ಇಲ್ಲ."

ನನ್ನ ಕಣ್ಣು ತುಂಬಿ ಬಂತು. ಹೊರಗೆ ಕುಂಕುಮ ಹಚ್ಚುವವರನ್ನು ನೋಡಿದ್ದೆ. ಗಾಡಿಯ ಹೊಟ್ಟೆಯೊಳಗೂ ಮಂಗಳದ್ರವ್ಯ ಇಡುವ ಭಕ್ತಿಯನ್ನು ಎಲ್ಲಿ ಕಂಡಿದ್ದೆ? ಅಣ್ಣ ಕೆಂಪು ಬೇಡ ಎಂದಿದ್ದನೇ ಹೊರತು ಹಳದಿಯ ಮಾತೆತ್ತಿರಲಿಲ್ಲ. ಎರಡು ಹನಿ ಬೆರಳಿಗೆ ತೆಗೆದು ತಲೆಯ ಮೇಲೆ ಪ್ರೋಕ್ಷಿಸಿಕೊಂಡೆ. "ಇದೇ ಇರಲಿ ರೀ" ಎಂದೆ.

ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹೊರಟೆವು. ಶ್ರೀನಿವಾಸಪುರ ದಾಟುವವರೆಗೂ ಜೀಪು ಕುದುರೆಯಂತೆ ಓಡಿತು. ಆಮೇಲೆ ಯಜಮಾನರು ಮೂಗರಳಿಸಿ, "ಯಾಕೋ ಅಡುಗೆಮನೆ ವಾಸನೆ ಬರ್ತಿದೆಯಲ್ಲೇ" ಎಂದರು.

"ದೇವರ ಸಾನ್ನಿಧ್ಯ. ಸುಮ್ನೆ ಓಡಿಸ್ರೀ."

ನಮ್ಮೂರು ಸಿಗುವ ಮುಂಚಿನ ದಿಣ್ಣೆ ಹತ್ತುವಾಗ ಸಾನ್ನಿಧ್ಯ ಕೊತಕೊತ ಕುದಿಯತೊಡಗಿತು. ಸಾರು ಉಕ್ಕಿದಂತೆ ಸದ್ದು. ಬುಸ್ ಎಂದು ಹಬೆ! ಗಾಜಿನ ತುಂಬ ಹಳದಿ ಎರಚಿ ಜೀಪು ನಿಂತಿತು. ಆರಿದ ಮೇಲೆ ಬಾನೆಟ್ಟಿನೊಳಗೆ ತಲೆ ಹಾಕಿ ತಡಕಾಡಿದ ಯಜಮಾನರ ಬಿಳಿ ಪಂಚೆ, ಅಂಗಿ, ಕಿವಿ ಎಲ್ಲ ಅರಿಶಿನಮಯ.

ಆಗಲೇ ತೋಪಿನ ಕಡೆಯಿಂದ ನಮ್ಮದೇ ಎತ್ತುಗಳನ್ನು ಹೊಡೆದುಕೊಂಡು ಮುನಿವೆಂಕಟಪ್ಪ ಬರಬೇಕೇ!

"ಏನಣ್ಣಾ, ಅರಿಶಿನ ಹಚ್ಚಿಸ್ಕೊಂಡು ನಿಂತಿದ್ದೀಯ! ಇನ್ನೊಂದ್ಸಲ ಮದ್ವೇನಾ? ಅತ್ತಿಗೆ ಒಪ್ಪಿದ್ರಾ?"

ಅತ್ತಿಗೆ ನೆಲ ನೋಡುತ್ತಿದ್ದಳು.

ಜೀಪಿಗೆ ಹಗ್ಗ ಕಟ್ಟಿ ಎತ್ತುಗಳು ಎಳೆದವು. ಪಾಪ, ಅವಕ್ಕೇನು ಗೊತ್ತು, ಅಭ್ಯಾಸದಂತೆ ನೇರ ನಮ್ಮ ಬಾಗಿಲಿಗೇ ಬಂದು ನಿಂತವು. ಅತ್ತೆ ಜಗಲಿಯಲ್ಲಿ ಕೂತಿದ್ದರು. ಎತ್ತುಗಳ ಬೆನ್ನು ಸವರಿದರು. ಜೀಪು ನೋಡಿದರು. ನನ್ನನ್ನು ನೋಡಿದರು.

"ನೀನೇ ನೋಡಿ ತಂದಿದ್ದಾ?"

ಮರುದಿನ ಶ್ರೀನಿವಾಸಪುರದಿಂದ ಬಂದ ಮೆಕ್ಯಾನಿಕ್ ಬಾಷಾ ಬಗ್ಗಿದೊಡನೆ ನಕ್ಕ. "ಅಮ್ಮಾ, ರೇಡಿಯೇಟರ್ ತೂತಿಗೆ ಅರಿಶಿನ ಹಾಕಿದ್ರೆ ನಾಕು ದಿನ ಸೋರಲ್ಲ. ಮಾರೋರೆಲ್ಲ ಮಾಡ್ತಾರೆ. ಹೀಟ್ ಮೀಟರಾದ್ರೂ ನೋಡ್ಬಾರ್ದಾ?"

ಸ್ನಾನ ಮಾಡಿದ್ದವಳು ನಾನೊಬ್ಬಳೇ. ಕೈ ಮುಗಿದು, ಕ್ಷಮೆ ಕೇಳಿ, ಪಟ ಎತ್ತಿದೆ. ಹಿಂದೆ ಮೀಟರಿರಲಿಲ್ಲ. ದುಂಡನೆಯ ತೂತಿತ್ತು. ತೂತಿನೊಳಗೆ ಅರ್ಧ ಖಾಲಿಯಾದ ಅರಿಶಿನದ ಪೊಟ್ಟಣವಿತ್ತು!

ಬಾಷಾ ರೇಡಿಯೇಟರ್ ಬಿಚ್ಚಿಕೊಂಡು ಹೋದ. ಅದು ವಾಪಸ್ಸು ಬರುವಷ್ಟರಲ್ಲಿ ಸುಗ್ಗಿ ಮುಗಿದಿತ್ತು. ಆ ವರ್ಷ ಮುನಿವೆಂಕಟಪ್ಪನ ಕಾಯಿ ಸಾಗಿದ ಮೇಲೆ, ನಮ್ಮದೇ ಹಳೆಯ ಗಾಡಿಯಲ್ಲಿ, ನಮ್ಮದೇ ಎತ್ತುಗಳ ಹಿಂದೆ, ನಮ್ಮ ಕಾಯಿ ಮಂಡಿಗೆ ಹೋಯಿತು. ಎಂದಿನಂತೆ ಅರ್ಧ ನಜ್ಜುಗುಜ್ಜಾಗಿ. ನಾನು ಸದಾ ಹಂಗಿಸುತ್ತಿದ್ದ ಆ ಹಸುವಿನ ವಿಷಯವನ್ನು ಯಜಮಾನರು ಎತ್ತಲಿಲ್ಲ. ಅದು ದೇವರ ದಯೆ.

ಇನ್ನೂ ಒಂದು ದಯೆಯಿದೆ. ಆ ಪೊಟ್ಟಣದ ಅರಿಶಿನವನ್ನು ಒಂದು ಲೋಟ ನೀರಿಗೆ ಹಾಕಿ, ಬೆರೆಸಿದ ಬಣ್ಣ ಬಿಡುವುದೇ ಎಂದು ಗಂಟೆಗಟ್ಟಲೆ ಕಾದು, ಎಲ್ಲ ರೀತಿಯಲ್ಲೂ ಪರೀಕ್ಷಿಸಿದೆ. ಶುದ್ಧ ಅರಿಶಿನ, ಒಂದು ಚೂರೂ ಕಲಬೆರಕೆಯಿಲ್ಲ! ನನ್ನ ಕಣ್ಣಿಗೆ ಮೋಸ ಮಾಡಲು ಯಾರಿಗೆ ಸಾಧ್ಯ? ಅಂದಿನ ಸಾರಿಗೆ ಅದನ್ನೇ ಹಾಕಿದೆ.