ಮರ್ವಿನ್ನನ ಸಕ್ಕರೆ ಚೀಲ

ಮರ್ವಿನ್ ಟಕ್‌ವೆಲ್‌ನ ಹೊಟ್ಟೆ ಉರಿಯತೊಡಗಿದ್ದು ಬೆಳಗಿನ ತಿಂಡಿಗೂ ಮೊದಲೇ. ಅದಕ್ಕೆ ಕಾರಣ ಒಂದು ತಗಡಿನ ಕೊಳಗ.

ಬ್ರಿಡಿ ಹಾನ್ರಹನ್ ಆ ಕೊಳಗವನ್ನು ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ನಮ್ಮೂರ ಬೌಲ್ಸ್ ಕ್ಲಬ್ಬಿನ ಬಾಗಿಲೆದುರು ಬೋರಲಾಗಿ ಇಟ್ಟು, ಮೇಲಿನ ತೂತಿನಿಂದ ಹಸಿ ಕಾಂಕ್ರೀಟು ತುಂಬಿ, ಕಂಬಿಯಿಂದ ಚುಚ್ಚಿ ಅಡಕಿ, ಆಮೇಲೆ ಕೊಳಗವನ್ನು ಮೆಲ್ಲಗೆ ಮೇಲೆತ್ತಿದಳು. ಕಾಂಕ್ರೀಟಿನ ಗುಡ್ಡೆ ಒಂಚೂರು ಕುಸಿದು ಕುಳಿತಿತು. ಎಷ್ಟು ಕುಸಿಯಿತೆಂದು ಅಳತೆಪಟ್ಟಿ ಹಿಡಿದು ನೋಡಿ ಅವಳು ತಲೆಯಾಡಿಸಿದಳು. ಬಹಳ ಕುಸಿದರೆ ನೀರು ಹೆಚ್ಚಾಗಿದೆ ಎಂದು ಲೆಕ್ಕ. ಬೇಲಿಗೆ ಒರಗಿ ನಿಂತಿದ್ದ ಕ್ಲಬ್ಬಿನ ಮುದುಕರೂ ಅವಳ ಜೊತೆಗೇ ತಲೆಯಾಡಿಸಿದರು. ಅದರ ತಲೆಬುಡ ಅವರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು.

ಮರ್ವಿನ್ನನಿಗೆ ಮೈಯೆಲ್ಲ ಉರಿದುಹೋಯಿತು. ಅವನು ಇಷ್ಟು ವರ್ಷ ಊರಿಗೆಲ್ಲ ಕಾಂಕ್ರೀಟು ಹಾಕಿದ್ದ. ಅವನ ಜೊತೆ ಯಾರೂ ಒಂದು ದಿನವೂ ಹಾಗೆ ತಲೆಯಾಡಿಸಿರಲಿಲ್ಲ.

ನದಿಯ ದಂಡೆಯ ನಮ್ಮ ಬುಂಡಿಲಾದಲ್ಲಿ ಕಾಂಕ್ರೀಟು ಹಾಕಿದವನು ಅದರ ಮೂಲೆಯಲ್ಲಿ ತನ್ನ ಹೆಸರಿನ ಅಚ್ಚು ಒತ್ತುವುದು ವಾಡಿಕೆ. ಅಂಚೆ ಕಚೇರಿಯ ಮೆಟ್ಟಿಲು, ಇಗರ್ಜಿಯ ಅಂಗಳ, ಶಾಲೆಯ ಕಾಲುದಾರಿ, ಎಲ್ಲಿ ತಲೆ ತಗ್ಗಿಸಿದರೂ ಕಾಣುವುದು 'ಟಕ್‌ವೆಲ್' ಎಂಬ ಹೆಸರೇ. ಮೊದಲು ಅಪ್ಪ ಒತ್ತಿದ, ಆಮೇಲೆ ಮಗ. ಅಪ್ಪ ಹಾಕಿದ್ದ ಕ್ಲಬ್ಬಿನ ಅಂಗಳ ಒಡೆದು ಹಾಳಾಗಿ, ಅದನ್ನು ಹೊಸದಾಗಿ ಹಾಕಿಸುವ ಮಾತು ಬಂದಾಗ ಮರ್ವಿನ್ ಆ ಕೆಲಸ ತನ್ನದೇ ಎಂದು ಅಚ್ಚಿನ ತುಕ್ಕು ಉಜ್ಜಿ ಇಟ್ಟುಕೊಂಡಿದ್ದ. ಅಷ್ಟರಲ್ಲಿ ಈ ಬ್ರಿಡಿ ತಾಂತ್ರಿಕ ಶಾಲೆಯಲ್ಲಿ ಓದಿ ಊರಿಗೆ ಬಂದಳು. ಕ್ಲಬ್ಬಿನ ಅಧ್ಯಕ್ಷ ಕ್ಲಾರೆನ್ಸ್ ಯಾರ ಮನಸ್ಸನ್ನೂ ನೋಯಿಸದೆ ಎಲ್ಲರ ನಿದ್ದೆ ಕೆಡಿಸುವ ಮನುಷ್ಯ. ಇಬ್ಬರೂ ಬಾಗಿಲೆದುರು ಅಕ್ಕಪಕ್ಕದಲ್ಲಿ ಒಂದೊಂದು ಚಪ್ಪಡಿ ಹಾಕಿ ತೋರಿಸಲಿ, ಸಂಜೆ ಆಟ ಮುಗಿದು ಚಹಾ ಕುಡಿಯುವಾಗ ನೋಡೋಣ, ಯಾರದು ಚೆನ್ನಾಗಿದೆಯೋ ಅವರಿಗೆ ಇಡೀ ಅಂಗಳ ಎಂದುಬಿಟ್ಟ.

ಬ್ರಿಡಿ ತನ್ನ ಪುಟ್ಟ ಮಿಕ್ಸರಿಗೆ ನದಿಯ ದುಂಡು ಕಲ್ಲು ಸುರಿಯುತ್ತಿದ್ದಳು. ಕೆಂಪು, ಕಂದು, ಬಿಳಿ, ಜೇನಿನ ಬಣ್ಣ, ಎಲ್ಲ ಬಗೆಯವೂ ಇದ್ದವು.

"ಹೂತುಹಾಕೋ ಕಲ್ಲಿಗೆ ಇಷ್ಟು ಸಿಂಗಾರ ಯಾಕಮ್ಮಾ?" ಎಂದು ಮರ್ವಿನ್ ಮುದುಕರಿಗೆ ಕೇಳಿಸುವಂತೆ ಅಂದ.

"ಸಿಂಗಾರಕ್ಕಲ್ಲ, ಮರ್ವಿನ್. ದುಂಡು ಕಲ್ಲಾದ್ರೆ ಕಡಿಮೆ ನೀರಲ್ಲೇ ಕಲಸಬಹುದು," ಎಂದಳು ಬ್ರಿಡಿ. "ನೀನೂ ನೀರು ನೋಡ್ಕೊಂಡು ಹಾಕು. ಇವತ್ತು ಉತ್ತರದ ಬಿಸಿಗಾಳಿ, ಬಿಸಿಲೂ ಜೋರು. ಸೀಳಿಬಿಟ್ಟೀತು."

ಅವಳು ಬುದ್ಧಿ ಹೇಳಿದಳು ಎಂಬ ಒಂದೇ ಕಾರಣಕ್ಕೆ ಮರ್ವಿನ್ ತನ್ನ ಮಿಕ್ಸರ್ ಲಾರಿಯ ಚಾಲಕನಿಗೆ ಇನ್ನಷ್ಟು ನೀರು ಬಿಡಲು ಹೇಳಿದ. ಚಾಲಕ ಸಾಕೇ ಎಂದು ಕೇಳಿದಾಗ, ಇನ್ನೂ ಸ್ವಲ್ಪ ಬಿಡು ಎಂದ. ಕಾಂಕ್ರೀಟು ಗಂಜಿಯ ಹಾಗೆ ತಾನಾಗಿಯೇ ಹರಿದು ಹರಡಿಕೊಂಡಿತು. ಮೇಲೆ ನೀರು ನಿಂತಿತು. ಆ ನೀರು ಆರುವವರೆಗೆ ಯಾರು ಕಾಯುತ್ತಾರೆ? ಮರ್ವಿನ್ ಒಣ ಸಿಮೆಂಟನ್ನು ಹಿಡಿ ಹಿಡಿಯಾಗಿ ಬೀಸಿ ಉದುರಿಸಿ, ಮೇಲೆ ಕರಣೆ ಎಳೆದ.

ಒಂದು ಮಾತು ಒಪ್ಪಲೇಬೇಕು. ಪುಡಿ ಉದುರಿಸುವುದರಲ್ಲಿ ಅವನ ಕೈಯಂಥ ಕೈ ಸುತ್ತಲಿನ ಊರುಗಳಲ್ಲಿ ಇರಲಿಲ್ಲ. ಮಣಿಕಟ್ಟು ಒಂದು ಸಲ ತಿರುಗಿದರೆ ಸಾಕು, ಎಲ್ಲಿಯೂ ಹೆಚ್ಚಾಗದೆ, ಎಲ್ಲಿಯೂ ಕಡಿಮೆಯಾಗದೆ ಪುಡಿ ಬಂದು ಕೂರುತ್ತಿತ್ತು. ಚಪ್ಪಡಿ ಕನ್ನಡಿಯಂತೆ ಹೊಳೆಯಿತು. ಮೂಲೆಯಲ್ಲಿ ಹೆಸರು ಒತ್ತಿ ಅವನು ಸೊಂಟದ ಮೇಲೆ ಕೈಯಿಟ್ಟು ನಿಂತ. ಪಕ್ಕದಲ್ಲಿ ಬ್ರಿಡಿ ಇನ್ನೂ ಗಾಳಿಗೆ ಅಡ್ಡವಾಗಿ ಬಟ್ಟೆ ಕಟ್ಟಿಕೊಂಡು, ನೀರು ಆರಲೆಂದು ಕೈಕಟ್ಟಿ ಕುಳಿತಿದ್ದಳು.

ಬಿಸಿಲು ಏರಿತು. ಕ್ಲಾರೆನ್ಸ್ ಬಂದು ಮರ್ವಿನ್ನನ ಚಪ್ಪಡಿಯ ಮೇಲೆ ಬಗ್ಗಿದ.

"ಮರ್ವಿನ್, ಇಲ್ಲೊಂದು ಕೂದಲು ಬಿದ್ದಿದೆ ನೋಡು."

ಮರ್ವಿನ್ ಟೋಪಿಯಿಂದ ಬೀಸಿದ, ಕೂದಲು ಹಾರಲಿಲ್ಲ. ಉಗುರಿನಿಂದ ಎತ್ತಲು ಹೋದ, ಅದು ಏಳಲಿಲ್ಲ. ನೋಡನೋಡುತ್ತಿದ್ದಂತೆ ಅದರ ಪಕ್ಕದಲ್ಲಿ ಇನ್ನೊಂದು ಕಾಣಿಸಿತು. ಸ್ವಲ್ಪ ಹೊತ್ತಿನಲ್ಲಿ ಅವನ ಹೆಸರಿನ ನಡುವಿನಿಂದಲೇ ಒಂದು ಬಿರುಕು ಹೊರಟು ಆಚೆ ಅಂಚಿನವರೆಗೆ ಓಡಿತು. ಇದು ಕಾಂಕ್ರೀಟು ಉಸಿರಾಡುವ ಗುರುತು, ಒಳ್ಳೆಯದೇ ಎಂದು ಮರ್ವಿನ್ ಸಮಜಾಯಿಷಿ ಕೊಟ್ಟ. ಹಾಗಾದರೆ ಅದಕ್ಕೆ ದಮ್ಮು ಹತ್ತಿದ ಹಾಗಿದೆ ಎಂದು ಬೇಲಿಯ ಬಳಿ ಯಾರೋ ಅಂದರು.

ಅಷ್ಟು ಹೊತ್ತಿಗೆ ಬ್ರಿಡಿಯೂ ಕರಣೆ ಎಳೆದು ಮುಗಿಸಿದ್ದಳು. ಎಲ್ಲಿಯೂ ಒಂದು ಗೆರೆಯಿಲ್ಲ. ಬಿಸಿಲು ತಾಗದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಚ್ಚನ್ನು ಗೆದ್ದ ಮೇಲೆ ಅಂಗಳದಲ್ಲೇ ಒತ್ತಿದರಾಯಿತು ಎಂದು ನಕ್ಕು, ಮಾಂಸದ ಕಡುಬು ತಿನ್ನಲು ಬೇಕರಿಗೆ ಹೋದಳು. ಮುದುಕರೂ ಅವಳ ಬೆನ್ನಿಗೇ ನಡೆದರು.

ಮರ್ವಿನ್ ಹಾಳೆ ಎತ್ತಿ ನೋಡಿದ. ನೋಡಬಾರದಿತ್ತು. ಅಷ್ಟು ಒಳ್ಳೆಯ ಕೆಲಸ ಕಂಡು ಅವನಿಗೆ ಅಳು ಬರುವಷ್ಟು ಹೊಟ್ಟೆಕಿಚ್ಚಾಯಿತು. ಕ್ಲಬ್ಬಿನ ಬಾಗಿಲಲ್ಲಿ, ಅಪ್ಪನ ಹೆಸರಿದ್ದ ಜಾಗದಲ್ಲಿ, 'ಹಾನ್ರಹನ್' ಎಂದು ಬರೆದಂತೆ ಕಣ್ಣಿಗೆ ಕಟ್ಟಿತು. ಅವನು ಸೀದಾ ತನ್ನ ಗಾಡಿಯ ಹತ್ತಿರ ಹೋಗಿ ಸೀಟಿನ ಹಿಂದಿನಿಂದ ಸಕ್ಕರೆ ಚೀಲ ಎಳೆದ.

ಈ ಕಸುಬಿನವರೆಲ್ಲ ಗಾಡಿಯಲ್ಲಿ ಸಕ್ಕರೆ ಇಟ್ಟುಕೊಂಡಿರುತ್ತಾರೆ. ಮಿಕ್ಸರ್ ಲಾರಿ ದಾರಿಯಲ್ಲಿ ಕೆಟ್ಟು ನಿಂತರೆ ಒಳಗೆ ಸಕ್ಕರೆ ಸುರಿಯಬೇಕು, ಇಲ್ಲದಿದ್ದರೆ ಕಾಂಕ್ರೀಟು ಡ್ರಮ್ಮಿನಲ್ಲೇ ಕಲ್ಲಾಗಿಬಿಡುತ್ತದೆ. ಸಕ್ಕರೆ ಬಿದ್ದ ಸಿಮೆಂಟು ಗಟ್ಟಿಯಾಗುವುದೇ ಇಲ್ಲ. ಮರ್ವಿನ್ ಅತ್ತಿತ್ತ ನೋಡಿ ಸಕ್ಕರೆಯನ್ನು ಹಿಡಿ ಹಿಡಿಯಾಗಿ ಬೀಸಿದ. ಹಾಳು ಮಾಡಲೆಂದೇ ಹೊರಟ ಕೈ ಅದು. ಆದರೆ ಅಭ್ಯಾಸ ಎಲ್ಲಿ ಹೋಗುತ್ತದೆ? ಒಂದು ಮೂಲೆಯಲ್ಲಿ ತೆಳುವಾಯಿತೆನಿಸಿ ಅವನು ಮತ್ತೆ ಹೋಗಿ ಸರಿಮಾಡಿ ಬಂದ. ಚೀಲ ಖಾಲಿಯಾಯಿತು, ಹಸಿ ಮೈಮೇಲೆ ಸಕ್ಕರೆ ಕರಗಿ ಮಾಯವಾಯಿತು. ಹಾಳೆ ಮೊದಲಿನಂತೆಯೇ ಹೊದಿಸಿ, ಅವನು ಏನೂ ಅರಿಯದವನಂತೆ ಬಂದು ತನ್ನ ಬಿರುಕುಗಳ ಪಕ್ಕ ಕುಳಿತ.

ಮಧ್ಯಾಹ್ನ ಬ್ರಿಡಿ ಹಾಳೆ ತೆಗೆದು ನೆನೆಸಿದ ಗೋಣಿತಾಟು ಹಾಸಿ, ಹುಲ್ಲಿಗೆ ನೀರು ಚಿಮುಕಿಸುವ ಯಂತ್ರವನ್ನು ಅದರ ಮೇಲೆ ತಿರುಗಲು ಬಿಟ್ಟಳು. ಹದವಾಗಿ ಗಟ್ಟಿಯಾಗಿಸುವ ಈ ಕ್ಯೂರಿಂಗಿಗೆ ಎಷ್ಟು ನೀರು ಕುಡಿಸಿದರೂ ಕಡಿಮೆಯೇ ಎಂದು ಮುದುಕರಿಗೆ ಹೇಳಿ, ಮಿಕ್ಸರ್ ತೊಳೆಯಲು ಹಿತ್ತಲಿಗೆ ಹೋದಳು.

ಆಗ ಬಂದವಳು ಥೆಲ್ಮಾ. ಕ್ಲಬ್ಬಿನ ಚಹಾ, ಬಿಸ್ಕತ್ತು, ಊರಿನ ಸುದ್ದಿ ಎಲ್ಲ ಅವಳ ಉಸ್ತುವಾರಿ.

"ಮರ್ವಿನ್, ಚಹಾಕ್ಕೆ ಸಕ್ಕರೆ ಮುಗಿದುಹೋಗಿದೆ. ನಿನ್ನ ಚೀಲ ಕೊಡು."

"ಯಾವ ಚೀಲ?"

"ಕಂಡೋರಿಗೆಲ್ಲ ತೋರಿಸಿಕೊಂಡು ತಿರುಗ್ತೀಯಲ್ಲ, ಅದೇ."

"ಖಾಲಿಯಾಯ್ತು," ಎಂದ ಮರ್ವಿನ್. "ನಾನೇ ತಿಂದೆ."

"ಅಷ್ಟನ್ನೂ?"

"ಸುಸ್ತಾಗಿತ್ತು."

ಥೆಲ್ಮಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಮರ್ವಿನ್ನನಿಗೆ ಏನೋ ಕಾಯಿಲೆ ಇರಬೇಕೆಂದು ಹೋದಲ್ಲೆಲ್ಲ ಹೇಳಿದಳು. ಆಮೇಲೆ ಬ್ರಿಡಿ ತನ್ನ ಗಾಡಿಯ ಸಕ್ಕರೆ ಚೀಲವನ್ನೇ ಚಹಾಕ್ಕೆ ಕೊಟ್ಟಳಂತೆ. ಅವಳ ಸಕ್ಕರೆಗೂ ಊರೇ ಹೊಗಳಿಕೆ ಸುರಿಯಿತು.

ಆದರೂ ಮರ್ವಿನ್ ತಡೆದುಕೊಂಡ. ಏಕೆಂದರೆ ಗೋಣಿತಾಟಿನ ಅಡಿಯಿಂದ ಬೂದು ಬಣ್ಣದ ನೀರು ಹರಿದು ಚರಂಡಿ ಸೇರುತ್ತಿತ್ತು. ಅವಳ ಸಿಮೆಂಟು ಕೊಚ್ಚಿ ಹೋಗುತ್ತಿತ್ತು. ಸಂಜೆಯ ಹೊತ್ತಿಗೆ ಬ್ರಿಡಿ ಬಂದು ತಾಟಿನ ಅಂಚು ಎತ್ತಿ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. ಸೀದಾ ಹಿತ್ತಲಿಗೆ ಹೋಗಿ ಸಾಮಾನು ಗಾಡಿಗೆ ತುಂಬತೊಡಗಿದಳು. ಮರ್ವಿನ್ನನಿಗೆ ಅಷ್ಟು ಖುಷಿಯಾಗಿ ಎಷ್ಟು ದಿನವಾಗಿತ್ತೋ.

ಆಟ ಮುಗಿಯಿತು. ಎಲ್ಲರೂ ಕಪ್ಪು ಹಿಡಿದು ಬಂದರು. ಮರ್ವಿನ್ನನ ಚಪ್ಪಡಿ ಒಣಗಿದ ಕೆರೆಯಂತೆ ಬಾಯಿಬಿಟ್ಟಿತ್ತು. ಕ್ಲಾರೆನ್ಸ್ ಅದನ್ನು ನೋಡಿಯೂ ನೋಡದವನಂತೆ ದಾಟಿ, ಬ್ರಿಡಿಯ ಗೋಣಿತಾಟು ಸರಿಸಿ, ಕೊಳವೆ ಹಿಡಿದು ಉಳಿದ ಕೆಸರಿನ ಮೇಲೆ ನೀರು ಬಿಟ್ಟ.

ಕೆಸರು ಹೋಯಿತು, ಕಲ್ಲು ಎದ್ದು ಬಂತು. ಕೆಂಪು, ಕಂದು, ಬಿಳಿ, ಜೇನಿನ ಬಣ್ಣ. ಕೆಳಗೆ ಗಟ್ಟಿಯಾದ ಕಾಂಕ್ರೀಟಿನಲ್ಲಿ ಭದ್ರವಾಗಿ ಕೂತು ಇಳಿಬಿಸಿಲಿಗೆ ಹೊಳೆಯುತ್ತಿದ್ದವು. ನಮ್ಮ ನದಿಯ ತಳವನ್ನೇ ಎತ್ತಿ ತಂದು ಬಾಗಿಲಲ್ಲಿ ಹಾಸಿದಂತಿತ್ತು.

"ದೊಡ್ಡ ಪಟ್ಟಣದ ಹೋಟೆಲಿನ ಮುಂದೆ ಇಂಥದ್ದು ನೋಡಿದ್ದೆ," ಎಂದ ಕ್ಲಾರೆನ್ಸ್. "ಅದೂ ಇಷ್ಟು ಒಂದೇ ಸಮ ಇರಲಿಲ್ಲ. ಏನು ಕೈ ಅಂತೀನಿ. ಒಂದು ಕಡೆ ಹೆಚ್ಚಿಲ್ಲ, ಒಂದು ಕಡೆ ಕಡಿಮೆ ಇಲ್ಲ. ಇಂಥ ಕೈ ಈ ಊರಲ್ಲಿ ಹುಟ್ಟಿರಲಿಲ್ಲ."

ಈ ಕೊನೆಯ ಮಾತು ಅವನು ಆಡಬಾರದಿತ್ತು. ಮರ್ವಿನ್ ಬೆಳಗಿನಿಂದ ಬ್ರಿಡಿಯ ಕೆಲಸ ಕಂಡು ಹೊಟ್ಟೆ ಉರಿದುಕೊಂಡಿದ್ದ, ಅದನ್ನಾದರೂ ನುಂಗಿಕೊಂಡಿದ್ದ. ಈಗ ತನ್ನದೇ ಕೈಯ ಹೊಗಳಿಕೆ ಅವಳ ಹೆಸರಿಗೆ ಹೋಗುತ್ತಿತ್ತು. ಅದನ್ನು ಮಾತ್ರ ಅವನಿಂದ ಸಹಿಸಲಾಗಲಿಲ್ಲ.

"ಅದು ನನ್ನ ಕೈ," ಎಂದ.

ಎಲ್ಲರೂ ತಿರುಗಿದರು.

"ನಾನೇ ಮಾಡಿದ್ದು. ಅವಳು ಕಡುಬು ತಿನ್ನೋಕೆ ಹೋದಾಗ ಸಕ್ಕರೆ ಉದುರಿಸಿದೆ. ಮೇಲಿನ ಸಿಮೆಂಟು ಗಟ್ಟಿಯಾಗಲಿಲ್ಲ, ಅದಕ್ಕೇ ಕಲ್ಲು ಕಾಣ್ತಾ ಇದೆ. ಆ ಬಲಗಡೆ ಮೂಲೆ ನೋಡಿ, ಎರಡು ಸಲ ಹೋಗಿ ಸರಿ ಮಾಡಿದ್ದೀನಿ."

ಯಾರಾದರೂ ಬಾಯಿಬಿಡುವ ಮೊದಲೇ ಹಿತ್ತಲಿನಿಂದ ಬ್ರಿಡಿ ಬಂದಳು. ಇಲ್ಲಿ ನಡೆದದ್ದೊಂದೂ ಅವಳಿಗೆ ಕೇಳಿಸಿರಲಿಲ್ಲ. ಕಣ್ಣು ಕೆಂಪಾಗಿತ್ತು. ಚಪ್ಪಡಿಯ ಕಡೆ ನೋಡದೆಯೇ ಹೇಳಿದಳು.

"ಕ್ಲಾರೆನ್ಸ್, ನಾನು ಸ್ಪರ್ಧೆಯಿಂದ ಹಿಂದೆ ಸರೀತೀನಿ. ನನ್ನ ಚಪ್ಪಡಿಯ ಮೇಲ್ಮೈ ಪೂರ್ತಿ ಕಿತ್ತುಹೋಗಿದೆ, ಯಾಕೆ ಅಂತ ನನಗೇ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ನಿಮ್ಮ ಅಂಗಳ ಹಾಕೋ ಯೋಗ್ಯತೆ ನನಗಿಲ್ಲ. ಕೆಲಸ ಮರ್ವಿನ್‌ಗೇ ಕೊಡಿ."

ಮರ್ವಿನ್ನನ ಬಾಯಿ ಇನ್ನೂ ತೆರೆದೇ ಇತ್ತು. ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು ಅದನ್ನು ಮುಚ್ಚಿಕೊಂಡಿದ್ದರೆ ಸಾಕಾಗಿತ್ತು.

"ಯಾಕೆ ಅಂತ ನಮಗೆ ಈಗಷ್ಟೇ ಗೊತ್ತಾಯ್ತಮ್ಮಾ," ಎಂದ ಕ್ಲಾರೆನ್ಸ್.

ಅಂಗಳದ ಕೆಲಸ ಬ್ರಿಡಿಗೇ ಹೋಯಿತು. ವಿಷಯ ತಿಳಿದು ಅವಳು ರೇಗಲೂ ಇಲ್ಲ, ಅದೇ ಮರ್ವಿನ್ನನಿಗೆ ಇನ್ನೂ ಕಷ್ಟವಾಯಿತು. ಕಲ್ಲಿನ ಮೇಲೆ ಕೈಯಾಡಿಸಿ, ಇಡೀ ಅಂಗಳವನ್ನು ಹೀಗೆಯೇ ಮಾಡೋಣ, ಆದರೆ ಉದುರಿಸುವ ಕೆಲಸಕ್ಕೆ ಮರ್ವಿನ್ನೇ ತನ್ನ ಕೈಕೆಳಗೆ ಬರಬೇಕು, ಇಷ್ಟು ಸಮವಾಗಿ ತನ್ನಿಂದ ಆಗದು ಎಂದಳು. ಅಚ್ಚು ಮಾತ್ರ ಅವಳದು. ಮರ್ವಿನ್ನನ ಹೆಸರೂ ಕ್ಲಬ್ಬಿನ ಬಾಗಿಲಲ್ಲಿ ಉಳಿಯಿತೆನ್ನಿ. ಬಿರುಕುಬಿಟ್ಟ ಚಪ್ಪಡಿಯನ್ನು ಒಡೆಯುವ ತೊಂದರೆ ಯಾಕೆಂದು ಅದರ ಮೇಲೆ ಕಸದ ಡಬ್ಬಿಗಳನ್ನು ಇಟ್ಟರು.

ಥೆಲ್ಮಾ ಎಲ್ಲರಿಗೂ ಮತ್ತೊಂದು ಸುತ್ತು ಚಹಾ ತಂದಳು. ಮರ್ವಿನ್ ಒಂದು ಗುಟುಕು ಕುಡಿದು ಮುಖ ಕಿವುಚಿ, ಸಕ್ಕರೆಯೇ ಇಲ್ಲವಲ್ಲ ಎಂದ.

"ನಿನಗ್ಯಾಕೆ?" ಎಂದಳು ಥೆಲ್ಮಾ. "ಮಧ್ಯಾಹ್ನ ಒಂದು ಚೀಲ ತಿಂದಿದ್ದೀಯಲ್ಲ."